ಬೆಸ್ಸಾ ತಗೊಳ್ಳಲಾ, ಮಾವನ ಯಾಶಿಕಾ ರಿಪೇರಿ ಮಾಡಿಸಲಾ?

ಪಡುಗಾಳಿ:

ಎಲ್ಲರಿಗೂ ನಮಸ್ಕಾರ. ಊರು ಕುಂದಾಪುರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಐದು ವರ್ಷದಿಂದ ಡಿಜಿಟಲ್‌ನಲ್ಲೇ ಫೋಟೋ ತೆಗೆಯುತ್ತಿದ್ದೇನೆ. ಕಳೆದ ತಿಂಗಳು ಒಂದು ಮದುವೆಯಲ್ಲಿ ಒಬ್ಬರು ಬೆಸ್ಸಾ ಆರ್‌2ಎ ಅನ್ನುವ ರೀಲು ಕ್ಯಾಮರಾ ಹಿಡಿದುಕೊಂಡು ಓಡಾಡುತ್ತಿದ್ದರು. ಕೇಳಿದೆ, ಒಂದು ನಿಮಿಷ ಕೈಗೆ ಕೊಟ್ಟರು. ಕಣ್ಣಿಟ್ಟೆ. ಮಂಟಪದ ಹಿಂದಿನ ಕತ್ತಲ ಮೂಲೆ ಕೂಡ ನಿಚ್ಚಳವಾಗಿ ಕಾಣುತ್ತಿತ್ತು. ನಡುವೆ ಒಂದು ಪುಟ್ಟ ಚೌಕ, ಅದರೊಳಗೆ ಮದುಮಗಳ ಮೂಗುತಿ ಎರಡು! ರಿಂಗ್ ತಿರುಗಿಸಿದೆ, ಎರಡೂ ಸರಿದು ಒಂದಾಯಿತು. ಅವತ್ತಿನಿಂದ ನಿದ್ದೆ ಇಲ್ಲ.

ಈಗ ಆನ್‌ಲೈನ್‌ನಲ್ಲಿ ಅದೇ ಆರ್‌2ಎ ಮಾರಾಟಕ್ಕಿದೆ. 35 ಎಂಎಂ ಲೆನ್ಸ್ ಸೇರಿ 92 ಸಾವಿರ ಹೇಳುತ್ತಿದ್ದಾರೆ. ನನ್ನ ಹತ್ತಿರ ಇರುವುದು 80.

ಇನ್ನೊಂದು ಕಡೆ ಅಜ್ಜಿಮನೆಯ ಕಪಾಟಿನಲ್ಲಿ ಸೋದರಮಾವನ ಯಾಶಿಕಾ ಎಲೆಕ್ಟ್ರೋ 35 ಇದೆ. ಮಸ್ಕತ್‌ನಲ್ಲಿದ್ದಾಗ ಅಲ್ಲಿಂದ ತಂದದ್ದು. ಚರ್ಮದ ಕೇಸು, ನುಸಿಗುಳಿಗೆ ವಾಸನೆ. ಲಿವರ್ ಎಳೆದರೆ ಬರುತ್ತದೆ. ಬ್ಯಾಟರಿ ಮುಚ್ಚಳ ಬಿಚ್ಚಿದರೆ ಒಳಗೆ ಹಸಿರು ಕಿಲುಬು. ಲೆನ್ಸಿನ ಅಂಚಿನಲ್ಲಿ ಜೇಡರ ಬಲೆಯಂಥದ್ದು ಸ್ವಲ್ಪ. ಒಳಗೆ ರೀಲು ಇದೆಯೋ ಇಲ್ಲವೋ ಗೊತ್ತಿಲ್ಲ, ತೆರೆಯಲು ಹೆದರಿಕೆ.

ತೆಗೆಯಬೇಕಿರುವುದು ಮುಖ್ಯವಾಗಿ ಎರಡು. ಬೆಳಗಿನ ಜಾವದ ಗಂಗೊಳ್ಳಿ ಬಂದರು. ಮತ್ತೆ ಯಕ್ಷಗಾನ ಮೇಳದ ಚೌಕಿ, ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟಿಕೊಳ್ಳುವಾಗ. ಮೇಳದ ವರ್ಷದ ತಿರುಗಾಟ ಶುರುವಾಗಲು ಇನ್ನು ಎರಡು ತಿಂಗಳಿದೆ. ಯಾವುದು ಮಾಡಲಿ?

ದುಬಾರಿ ಲೈಕಾ ತಗೋ ಅಂತ ಯಾರೂ ಹೇಳಬೇಡಿ, ದಯವಿಟ್ಟು.

ಹಳೇ ರೀಲು:

ತಮ್ಮಾ, ಆ 80 ಸಾವಿರ ಸದ್ಯಕ್ಕೆ ಬ್ಯಾಂಕಿನಲ್ಲೇ ಇರಲಿ. ಮಾವನ ಕ್ಯಾಮರಾ ಕೈಗೆ ತಗೋ.

ಶಿರಸಿಯಲ್ಲಿ 31 ವರ್ಷ ಸ್ಟುಡಿಯೋ ನಡೆಸಿ ಕೊನೆಗೆ ಶಟರ್ ಎಳೆದವನು ನಾನು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಪೇಪರಿನ ಮೇಲೆ ಪಾಸ್‌ಪೋರ್ಟ್ ಫೋಟೋ ಹಾಕಿ ಹೊಟ್ಟೆ ಹೊರೆದವನು. ಆ ಕಂಪನಿಯೂ ಬಾಗಿಲು ಹಾಕಿತು, ನಾನೂ ಹಾಕಿದೆ. ಅದಿರಲಿ.

ರೀಲು ಇದೆಯಾ ಅಂತ ನೋಡಲು ಹಿಂಬಾಗಿಲು ತೆರೆಯಬೇಕಿಲ್ಲ. ಎಡಗಡೆ ಮೇಲಿರುವ ಸುತ್ತುವ ಹಿಡಿಯನ್ನು ಬಾಣದ ಗುರುತಿನ ಕಡೆಗೆ ಮೆಲ್ಲಗೆ ತಿರುಗಿಸು. ಸಲೀಸಾಗಿ ತಿರುಗುತ್ತಲೇ ಹೋದರೆ ಖಾಲಿ. ಬಿಗಿ ಬಂದು ನಿಂತರೆ ರೀಲಿದೆ, ಕೈ ಬಿಡು. ಇದೇ ಹಿಡಿ ಮುಂದೆಯೂ ಬೇಕಾಗುತ್ತೆ. ಹೊಸ ರೀಲು ಹಾಕಿ ಲಿವರ್ ಎಳೆಯುವಾಗ ಅದೂ ಜೊತೆಗೆ ತಿರುಗಬೇಕು. ತಿರುಗದಿದ್ದರೆ ರೀಲು ಹಲ್ಲಿಗೆ ಕಚ್ಚಿಕೊಂಡಿಲ್ಲ ಅಂತ ಅರ್ಥ. 36 ಫೋಟೋ ಗಾಳಿಯಲ್ಲೇ ಹೋಗುತ್ತೆ.

ಕಿಲುಬಿಗೆ ಹೆದರಬೇಡ. ಕಿವಿಗೆ ಹಾಕುವ ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ತಾಗಿಸಿ ಉಜ್ಜು, ಚೆನ್ನಾಗಿ ಒಣಗಿಸು. ಹಳೆಯ 5.6 ವೋಲ್ಟಿನ ಪಾದರಸದ ಬ್ಯಾಟರಿ ಈಗ ಬರುವುದಿಲ್ಲ. 4ಎಲ್‌ಆರ್44 ಅಂತ 6 ವೋಲ್ಟಿನದು ಸಿಗುತ್ತೆ, ಕ್ಯಾಮರಾ ತಕರಾರಿಲ್ಲದೆ ಒಪ್ಪಿಕೊಳ್ಳುತ್ತೆ. ಗಾತ್ರದಲ್ಲಿ ಚಿಕ್ಕದು. ಸುತ್ತ ಕಾಗದ ಸುತ್ತು, ಹಿಂದೆ ಒಂದು ಸ್ಪ್ರಿಂಗ್ ಇಡು. ಪೆನ್ನಿನ ಸ್ಪ್ರಿಂಗೂ ಆಗುತ್ತೆ.

ಆಮೇಲೆ ಕಿವಿ ಕೊಡು. ಲಿವರ್ ಎಳೆಯುವಾಗ ಒಳಗೆ ‘ಟಕ್’ ಅಂತ ದಪ್ಪ ಸದ್ದು ಬರಬೇಕು. ಬರದಿದ್ದರೆ ಒಳಗಿನ ಸಣ್ಣ ರಬ್ಬರ್ ತುಂಡು ಪುಡಿಯಾಗಿದೆ. ಈ ಮಾದರಿ ಮೊದಲು ಬಂದದ್ದು 1966ರಲ್ಲಿ. ಆ ವಯಸ್ಸಿನ ರಬ್ಬರಿನಿಂದ ಇನ್ನೇನು ನಿರೀಕ್ಷೆ ಮಾಡ್ತೀಯಾ? ಅದು ಹೋದರೆ ಬೆಳಕಿನ ಲೆಕ್ಕ ಕೆಡುತ್ತೆ. ಬಲ್ಲವರು ಬಿಚ್ಚಿದರೆ ಹೊಸ ತುಂಡು ಅಂಟಿಸುತ್ತಾರೆ, ದೊಡ್ಡ ಕೆಲಸವಲ್ಲ. ಜೊತೆಗೆ ಲೆನ್ಸಿನ ಆ ಬಲೆ, ಅಂದರೆ ಬೂಷ್ಟು, ತೆಗೆಸು, ಹಿಂಬಾಗಿಲ ಅಂಚಿನ ಫೋಮ್ ಬದಲಿಸು. ಫೋಮ್ ಹೋಗಿದ್ದರೆ ಬೆಳಕು ನುಗ್ಗಿ ಫೋಟೋ ಮೇಲೆ ಕಿತ್ತಳೆ ಬಣ್ಣದ ಪಟ್ಟಿ ಬೀಳುತ್ತೆ. ಕೆಲವರು ಅದನ್ನೇ ಕಲೆ ಅಂತಾರಂತೆ, ಇರಲಿ ಬಿಡು.

ಚರ್ಮದ ಕೇಸನ್ನು ಮಾತ್ರ ದೂರ ಇಡು. ನಿಮ್ಮ ಕಡೆಯ ಗಾಳಿಗೆ ಚರ್ಮ ನೀರು ಕುಡಿಯುತ್ತೆ, ಲೆನ್ಸಿಗೆ ಬೂಷ್ಟು ಹಿಡಿಸುತ್ತೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್. ಅಕ್ಕಿ ಡಬ್ಬಿಯಾದರೂ ಸರಿ, ಅಕ್ಕಿ ಬೇಡ.

ಇನ್ನು ಮುಖ್ಯ ಮಾತು. ಡಿಜಿಟಲ್‌ನಿಂದ ಬಂದವರಿಗೆ ಇದು ಹೊಡೆತ ಕೊಡುವುದು ಒಂದೇ ಕಡೆ. ಈ ಕ್ಯಾಮರಾದಲ್ಲಿ ನಿನಗೆ ಕಾಣುವುದು ಎದುರಿನ ಜಗತ್ತು, ಫೋಟೋ ಅಲ್ಲ. ನೀನು ಲೆನ್ಸಿನ ಮೂಲಕ ನೋಡುತ್ತಿಲ್ಲ, ಪಕ್ಕದ ಕಿಟಕಿಯಿಂದ ಇಣುಕುತ್ತಿದ್ದೀಯ. ಕಿಟಕಿಯಲ್ಲಿ ಹತ್ತಿರದ್ದೂ ದೂರದ್ದೂ ಎಲ್ಲಾ ಸ್ಪಷ್ಟ. ಮಸುಕು ಅನ್ನುವುದು ಕಾಣುವುದೇ ಇಲ್ಲ. ಅದಕ್ಕೇ ಕತ್ತಲಲ್ಲಿ ಹಾಯಾಗಿರುತ್ತೆ, ಅದಕ್ಕೇ ಮೋಸವೂ ಆಗುತ್ತೆ. ಮುಂದುಗಡೆ ಸ್ವಲ್ಪ ಅಂತರದಲ್ಲಿ ಇನ್ನೊಂದು ಪುಟ್ಟ ಕಿಟಕಿ ಇದೆಯಲ್ಲ, ಅಲ್ಲಿಂದ ಬಂದ ಬಿಂಬ ಈ ಚೌಕದಲ್ಲಿ ಕೂರುತ್ತೆ. ನಮ್ಮ ಎರಡು ಕಣ್ಣು ದೂರ ಅಳೆಯುವ ಹಾಗೇ ಇದರ ಲೆಕ್ಕ. ಲೆನ್ಸ್ ತಿರುಗಿಸಿದಂತೆ ಎರಡನೇ ಬಿಂಬ ಸರಿಯುತ್ತೆ. ಚೌಕ ಮಾಸಿದ್ದರೆ ಎಂಥಾ ಲೆನ್ಸ್ ಇದ್ದರೂ ದಂಡ. ಇಂಥ ಕ್ಯಾಮರಾಕ್ಕೆ ರೇಂಜ್‌ಫೈಂಡರ್ ಅಂತಾರೆ. ಯಾವುದೇ ರೇಂಜ್‌ಫೈಂಡರ್ ಕೊಳ್ಳುವಾಗ ಮೊದಲು ನೋಡಬೇಕಾದ್ದು ಅದನ್ನೇ, ಹೆಸರನ್ನಲ್ಲ. ರಿಂಗನ್ನು ಕೊನೆಗೆ ತಿರುಗಿಸಿ ದೂರದ ಮೊಬೈಲ್ ಟವರ್ ನೋಡು. ಎರಡು ಟವರ್ ಕಂಡರೆ ಅಳತೆ ತಪ್ಪಿದೆ. ಒಂದರ ತಲೆ ಮೇಲೆ ಇನ್ನೊಂದು ಕಂಡರೂ ತಪ್ಪಿದೆ.

ನನ್ನದೊಂದು ಕಥೆ. 1989, ಅಕ್ಕನ ಮಗನ ಉಪನಯನ. ನನ್ನ ಕೈಯಲ್ಲಿ ಇದೇ ಎಲೆಕ್ಟ್ರೋ. 36 ಫೋಟೋ ತೆಗೆದೆ. ಮಾತೃಭೋಜನ, ಭಿಕ್ಷೆ, ಎಲ್ಲಾ. ಲೆನ್ಸಿನ ಮುಚ್ಚಳ ತೆಗೆದಿರಲಿಲ್ಲ. ಕಿಟಕಿಯಲ್ಲಿ ಎಲ್ಲಾ ಕಾಣ್ತಿತ್ತಲ್ಲ! ಇದರ ಬೆಳಕು ಅಳೆಯುವ ಮೀಟರಿನ ಕಣ್ಣೂ ಲೆನ್ಸಿನಲ್ಲಿಲ್ಲ, ಮೇಲೆ ಕಿಟಕಿಯ ಪಕ್ಕ ಇದೆ. ಹಾಗಾಗಿ ಅದಕ್ಕೂ ಗೊತ್ತಾಗಲಿಲ್ಲ. ತೊಳೆದು ನೇತುಹಾಕಿದರೆ ರೀಲು ಉದ್ದಕ್ಕೂ ಖಾಲಿ ಗಾಜು. ಅಕ್ಕ ಇವತ್ತಿಗೂ ಊಟಕ್ಕೆ ಬಡಿಸುವಾಗ ನೆನಪಿಸುತ್ತಾಳೆ. ಮುಚ್ಚಳವನ್ನು ಮನೆಯಲ್ಲೇ ಬಿಟ್ಟು ಹೋಗು.

ಬರೀ ಕಿಟಕಿ:

ಹಿರಿಯರ ಮಾತಿಗೆ ಅಡ್ಡ ಬರುತ್ತಿದ್ದೇನೆ, ಕ್ಷಮಿಸಿ. ಆರು ವರ್ಷದಿಂದ ಆರ್‌2ಎ ಇಟ್ಟುಕೊಂಡಿದ್ದೇನೆ. ಚೌಕಿಗೆ ಎಲೆಕ್ಟ್ರೋ ಕಷ್ಟ.

ಯಾಕೆಂದರೆ ಅದರಲ್ಲಿ ಅಪರ್ಚರ್ (ಲೆನ್ಸಿನ ಕಂಡಿಯ ಅಗಲ) ಮಾತ್ರ ನಿಮ್ಮ ಕೈಯಲ್ಲಿ. ಶಟರಿನ ವೇಗ ಅದರ ಇಷ್ಟ. ಚೌಕಿಯಲ್ಲಿ ಮುಖದ ಮೇಲೆ ಬಲ್ಬಿನ ಬೆಳಕು, ಸುತ್ತಲೂ ಕತ್ತಲೆ. ಮೀಟರು ಕತ್ತಲೆಯನ್ನು ನೋಡಿ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಮುಖ ಬಿಳಿಚಿಕೊಳ್ಳುತ್ತದೆ, ಕೈಯೂ ಅಲುಗುತ್ತದೆ. ಬೆಸ್ಸಾದಲ್ಲಿ ವೇಗ ನೀವೇ ಇಡಬಹುದು. ಐಎಸ್‌ಒ 400ರ (ಬೆಳಕು ಬೇಗ ಹಿಡಿಯುವ) ರೀಲು, ಅಪರ್ಚರ್ ಎಫ್ 2, ಸೆಕೆಂಡಿನ ಮೂವತ್ತನೇ ಒಂದು ಭಾಗ, ಚೌಕಿಗೆ ಇಷ್ಟು ಇಟ್ಟು ಮರೆತುಬಿಡಿ.

ಹಾಗಂತ ಆ 92 ಸಾವಿರದ ಡೀಲ್ ತಗೊಳ್ಳಿ ಅಂತಲ್ಲ. ಜಪಾನಿನ ಕೊಸೀನಾ ಕಂಪನಿ ಹಳೇ ಫೋಕ್ಟ್‌ಲೆಂಡರ್ ಹೆಸರಿನಲ್ಲಿ ಈ ಬೆಸ್ಸಾಗಳನ್ನು ಮಾಡಿತು. 2015ಕ್ಕೆ ನಿಂತಿತು. ನೋಡಲು ಹಳೇ ಕಾಲದ ಹಾಗಿದ್ದರೂ ಆರ್‌2ಎ ಒಳಗೆಲ್ಲಾ ವಿದ್ಯುತ್ತು. ಎರಡು ಎಲ್‌ಆರ್44 ಸೆಲ್ ಸತ್ತರೆ ಕ್ಯಾಮರಾ ಇಟ್ಟಿಗೆ. ನನಗೆ ಹಂಪಿಯಲ್ಲಿ ಮಾತಂಗ ಬೆಟ್ಟ ಹತ್ತಿ ಸೂರ್ಯ ಹುಟ್ಟುವ ಹೊತ್ತಿಗೆ ಹಾಗಾಯಿತು. ಜೇಬಿನಲ್ಲಿ ಸೆಲ್ ಇರಲಿಲ್ಲ, ಕೆಳಗೆ ಒಂದು ಅಂಗಡಿಯೂ ತೆರೆದಿರಲಿಲ್ಲ. ಇದರ ತಮ್ಮ ಆರ್‌2ಎಂ ಸಿಕ್ಕರೆ ಅದನ್ನು ನೋಡಿ. ಶಟರ್ ಪೂರ್ತಿ ಯಾಂತ್ರಿಕ, ಸೆಲ್ ಮೀಟರಿಗೆ ಮಾತ್ರ.

ಇನ್ನೊಂದು, ಬೆಸ್ಸಾದ ಎರಡು ಕಿಟಕಿಗಳ ಅಂತರ ಕಡಿಮೆ. ಕಿಟಕಿಯಲ್ಲಿ ಎಲ್ಲಾ ಸ್ವಲ್ಪ ಚಿಕ್ಕದಾಗಿಯೂ ಕಾಣುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿದರೆ ಅಂತರ ಸುಮಾರು 26 ಮಿಲಿಮೀಟರ್‌ಗೆ ಇಳಿಯುತ್ತದೆ. 1954ರ ಲೈಕಾ ಎಂ3ಯಲ್ಲಿ ಅದೇ ಲೆಕ್ಕ 62ರ ಸುಮಾರು. (ಹೆಸರು ಎತ್ತಿದ್ದಕ್ಕೆ ಬೈಯಬೇಡಿ.) ಅಂತರ ಕಡಿಮೆಯಾದಷ್ಟೂ ದೂರದ ಅಳತೆ ಒರಟು. 35 ಎಂಎಂ ಲೆನ್ಸಿಗೆ ತೊಂದರೆ ಇಲ್ಲ. 90ರ ಲೆನ್ಸ್ ಹಾಕಿ ಅಪರ್ಚರ್ ಪೂರ್ತಿ ತೆರೆದರೆ ಗುರಿ ತಪ್ಪುತ್ತದೆ. ಬೈಕಿನ ಬ್ಯಾಗಿನಲ್ಲಿ ಕುಲುಕಿ ನನ್ನದರ ಅಳತೆ ಎರಡು ಸಲ ತಪ್ಪಿದೆ.

ಶನಿವಾರದ ಸಂತೆ:

ಇಬ್ಬರೂ ದುಡ್ಡಿರುವವರು. ಹತ್ತು ಸಾವಿರದೊಳಗೆ ಝೋರ್ಕಿ 4ಕೆ ಕ್ಯಾಮರಾ ತಗೊಂಡು ಖುಷಿಯಾಗಿರುವವನು ನಾನು. ಸೋವಿಯತ್ ಮಾಲು, ಟ್ರ್ಯಾಕ್ಟರ್ ಇದ್ದ ಹಾಗೆ. ಸೆಲ್ಲೂ ಇಲ್ಲ, ಮೀಟರೂ ಇಲ್ಲ. ಲಿವರ್ ಎಳೆಯದೆ ವೇಗದ ಗುಂಡಿ ತಿರುಗಿಸಿದರೆ ಮಾತ್ರ ಒಳಗಿನ ಹಲ್ಲು ಮುರಿಯಬಹುದು, ಮೊದಲು ಎಳೆದು ಆಮೇಲೆ ತಿರುಗಿಸಬೇಕು. ಇನ್ನೊಂದು, ಬಟ್ಟೆ ಶಟರಿನ ರೇಂಜ್‌ಫೈಂಡರನ್ನು ಸೂರ್ಯನ ಕಡೆ ಮುಖ ಮಾಡಿ ಮೇಜಿನ ಮೇಲೆ ಇಡಬೇಡಿ. ನಡುವೆ ಕನ್ನಡಿ ಇರುವುದಿಲ್ಲ, ಭೂತಗನ್ನಡಿಯಲ್ಲಿ ಕಾಗದ ಸುಟ್ಟ ಹಾಗೆ ಬಟ್ಟೆಗೆ ತೂತು ಬೀಳುತ್ತದೆ. ನನ್ನದಕ್ಕೆ ಬಿದ್ದಿದೆ. ಪ್ರತಿ ಫೋಟೋದಲ್ಲೂ ಆಕಾಶದಲ್ಲಿ ಒಂದೇ ಜಾಗದಲ್ಲಿ ಒಂದು ನಕ್ಷತ್ರ.

ಹಳೇ ರೀಲು:

ಬರೀ ಕಿಟಕಿಯವರು ಚೌಕಿಯ ಬೆಳಕಿನ ಬಗ್ಗೆ ಹೇಳಿದ್ದು ಸರಿ. ಅದಕ್ಕೆ ಸ್ಟುಡಿಯೋದವರ ಕಳ್ಳದಾರಿ ಒಂದಿದೆ. 400ರ ರೀಲು ಹಾಕು, ಕ್ಯಾಮರಾದ ಐಎಸ್‌ಒ ಡಯಲನ್ನು 800ರ ಹತ್ತಿರ ಇಡು. ಕ್ಯಾಮರಾ ಅರ್ಧ ಬೆಳಕೇ ಬಿಡುತ್ತೆ, ಮುಖ ಉಳಿಯುತ್ತೆ. ನಿಮ್ಮ ಮಾವನದು ಹಳೇ ಮಾದರಿಯಾಗಿದ್ದರೆ ಡಯಲ್ 500ಕ್ಕೇ ನಿಲ್ಲುತ್ತೆ, ಆಮೇಲೆ ಬಂದ ಜಿಎಸ್‌ಎನ್ ಮಾದರಿ ಆದರೆ 1000ದ ತನಕ ಇದೆ. ಗುಂಡಿಯನ್ನು ಅರ್ಧ ಒತ್ತಿದಾಗ ಹಳದಿ ದೀಪ ಬಂದರೆ ವೇಗ ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕಿಂತ ಕೆಳಗೆ ಹೋಗಿದೆ ಅಂತ. ಕಂಬಕ್ಕೆ ಒರಗಿ ಉಸಿರು ಹಿಡಿ.

ಒಂದು ರೀಲಿಗೆ, ತೊಳೆಸಿ ಸ್ಕ್ಯಾನ್ ಮಾಡಿಸುವುದೂ ಸೇರಿ, ನನಗೆ ಈಗ ಸಾವಿರದ ಐನೂರರ ಹತ್ತಿರ ಬೀಳುತ್ತಿದೆ. ಒಂದು ಸಲ ಒತ್ತಿದರೆ ನಲವತ್ತು ರೂಪಾಯಿ ಚಿಲ್ಲರೆ. ಬೆಸ್ಸಾಕ್ಕೆ ಇಟ್ಟ ದುಡ್ಡಿನಲ್ಲಿ ಐವತ್ತು ರೀಲು ಬರುತ್ತೆ ತಮ್ಮಾ. ಹತ್ತು ರೀಲು ಮುಗಿಸಿ ಬಾ, ಆಮೇಲೆ ಬೆಸ್ಸಾ ಮಾತು.

ಪಡುಗಾಳಿ:

ಎಲ್ಲರಿಗೂ ಧನ್ಯವಾದ. ಮೊದಲನೆಯದಾಗಿ, ತಮ್ಮ ಅಲ್ಲ ಸರ್, ತಂಗಿ :)

ಹಿಡಿ ತಿರುಗಿಸಿ ನೋಡಿದೆ, ಖಾಲಿ ಇತ್ತು. ಜಿಎಸ್‌ಎನ್‌ನೇ ಅದು. ‘ಟಕ್’ ಬರಲಿಲ್ಲ. ರಿಪೇರಿಗೆ ಕೊಡುತ್ತಿದ್ದೇನೆ. ಬೆಸ್ಸಾ ಮಾರುವವರಿಗೆ ಚೌಕದ ವಿಡಿಯೋ ಕಳಿಸಿ ಅಂದೆ. ಟವರ್ ತೋರಿಸಿ ಅಂದೆ. ಅಲ್ಲಿಂದ ಉತ್ತರವೇ ಇಲ್ಲ.

ಹಳೇ ರೀಲು:

ಅಯ್ಯೋ, ತಪ್ಪಾಯ್ತು ತಂಗೀ. ಉತ್ತರ ಬರಲಿಲ್ಲ ಅಂದರೆ ಅದೇ ಉತ್ತರ.

ಪಡುಗಾಳಿ:

ಹತ್ತು ವಾರದ ಮೇಲೆ ಬರುತ್ತಿದ್ದೇನೆ. ರಿಪೇರಿಗೆ 3,800 ಆಯಿತು. ಬೂಷ್ಟು ಪೂರ್ತಿ ಹೋಗಲಿಲ್ಲ, ಗಾಜಿನ ಮೇಲೆ ಸಣ್ಣ ಗುರುತು ಉಳಿದಿದೆ. ಎದುರಿಗೆ ಬಲ್ಬು ಬಂದರೆ ಸುತ್ತ ಸ್ವಲ್ಪ ಮಂಜು ಕಟ್ಟುತ್ತದೆ. ಉಳಿದಂತೆ ‘ಟಕ್’ ಬಂದಿದೆ. ಆ ಸದ್ದು ಕೇಳಲಿಕ್ಕೇ ನಾಲ್ಕು ಸಲ ಎಳೆಯುತ್ತೇನೆ.

ಮೊದಲ ರೀಲು ಬಂದರಿನಲ್ಲಿ. ಸರಿ ಬಂದದ್ದು 14. ಎಫ್ 8, ಮೂರು ಮೀಟರಿಗೆ ಇಟ್ಟು, ಚೌಕ ನೋಡದೆ ತೆಗೆದವೇ ಅದರಲ್ಲಿ ಜಾಸ್ತಿ. ಎರಡು ಮೀಟರಿನಿಂದ ಐದು ಮೀಟರಿನವರೆಗೆ ಬಂದದ್ದೆಲ್ಲ ಸ್ಪಷ್ಟ. ಬುಟ್ಟಿ ಹೊತ್ತವರು ಓಡುವಾಗ ರಿಂಗ್ ತಿರುಗಿಸುತ್ತಾ ನಿಂತರೆ ಬೈಸಿಕೊಳ್ಳುತ್ತೇವೆ.

ಎರಡನೆಯದು ಚೌಕಿಯಲ್ಲಿ. ತಿರುಗಾಟ ಶುರುವಾಗಿ ನಾಲ್ಕನೇ ದಿನ. 800ರ ಉಪಾಯ ಕೆಲಸ ಮಾಡಿತು, ಮುಖಗಳು ಉಳಿದಿವೆ. ಮತ್ತೆ ಸದ್ದು! ಇದರ ಶಟರ್ ಲೆನ್ಸಿನೊಳಗೇ ಇದೆಯಲ್ಲ, ಸಣ್ಣಗೆ ‘ಚಿಟ್’ ಅಂತದೆ. ಆಚೆ ಚೆಂಡೆ ಹೊಡೆಯುತ್ತಿದ್ದರೆ ನನಗೇ ಕೇಳುವುದಿಲ್ಲ. ಯಾರೂ ಪೋಸ್ ಕೊಡಲಿಲ್ಲ.

ಆದರೆ ನಾನು ಆಸೆಪಟ್ಟ ಫೋಟೋವೇ ಹಾಳಾಯಿತು. ಬಣ್ಣದ ವೇಷದವರು ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಕನ್ನಡಿ ಹಿಡಿದು ಕಣ್ಣಿನ ಕೆಳಗೆ ಚಿಟ್ಟಿ (ಬಿಳಿ ಚುಕ್ಕೆ) ಇಡುತ್ತಿದ್ದರು. ಹಿಂದಿನಿಂದ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಚೌಕವನ್ನು ಕನ್ನಡಿಯ ಅಂಚಿಗೆ ಇಟ್ಟು ಒಂದು ಮಾಡಿದೆ, ಒತ್ತಿದೆ. ಬಂದ ಫೋಟೋದಲ್ಲಿ ಅಂಚಿನ ತುಕ್ಕು ಕೂಡ ಎಣಿಸಬಹುದು. ಮುಖ ಮಾತ್ರ ಬರೀ ಬಣ್ಣದ ಮೋಡ. ಯಾಕೆ ಹೀಗೆ?

ಬರೀ ಕಿಟಕಿ:

ಕನ್ನಡಿಯೊಳಗಿನ ಮುಖ ಕನ್ನಡಿಯ ಮೇಲೆ ಇಲ್ಲ, ಹಿಂದೆ ಇದೆ. ನಿಮ್ಮಿಂದ ಕನ್ನಡಿಗೆ ಒಂದು ಮೀಟರ್, ಕನ್ನಡಿಯಿಂದ ಅವರ ಮುಖಕ್ಕೆ ಇನ್ನರ್ಧ ಮೀಟರ್ ಇದ್ದರೆ, ಲೆನ್ಸಿಗೆ ಅದು ಒಂದೂವರೆ ಮೀಟರ್. ಎಫ್ 2ರಲ್ಲಿ ಅಷ್ಟು ಹತ್ತಿರದಿಂದ ಸ್ಪಷ್ಟವಾಗಿ ಸಿಗುವುದು ಒಟ್ಟು ಆರು ಸೆಂಟಿಮೀಟರ್ ಆಳ. ಮುಂದಿನ ಸಲ ಅಂಚು ಬಿಡಿ, ಚೌಕವನ್ನು ಕನ್ನಡಿಯೊಳಗಿನ ಕಣ್ಣಿನ ಮೇಲೇ ಇಡಿ. ಎರಡು ಕಣ್ಣಿನ ಗುಡ್ಡೆ ಒಂದಾಗುವ ತನಕ ತಿರುಗಿಸಿ.

ಪಡುಗಾಳಿ:

ಓಹ್! ಸರಿ, ಬರುವ ಶನಿವಾರ ಮತ್ತೆ ಆಟ ಇದೆ, ಹೋಗುತ್ತೇನೆ.

ಬಂದರಿನ ಫೋಟೋಗಳನ್ನು ಮಾವನಿಗೆ ಕಳಿಸಿದ್ದೆ. ಅವರ ಕ್ಯಾಮರಾದ್ದು ಅಂತಲೂ ಹೇಳಿದೆ. ಎರಡು ದಿನ ಸುದ್ದಿ ಇಲ್ಲ. ಆಮೇಲೆ ಒಂದೇ ಸಾಲು ಬಂತು: ಅದರ ಚರ್ಮದ ಕೇಸು ಎಲ್ಲಿ ಇಟ್ಟೆ?