ಪದಚರ್ಚೆ: ಆಟವಾಡುವ ರೋಬಾಟ್ ‘ಹೊಂದಿಕೊಳ್ಳುತ್ತದೆ’ಯೋ, ‘ಒಗ್ಗಿಕೊಳ್ಳುತ್ತದೆ’ಯೋ?

ಪ್ರಶ್ನೆ: ಮನುಷ್ಯರ ಜೊತೆ ಆಡುವ ರೋಬಾಟುಗಳ ಬಗ್ಗೆ ಬರೆಯುವಾಗ ‘ಅಡಾಪ್ಟಿವ್’ (ಎದುರಾಳಿಗೆ ತಕ್ಕಂತೆ ತನ್ನ ಆಟ ಬದಲಿಸಿಕೊಳ್ಳುವ) ಎಂಬಲ್ಲಿ ‘ಹೊಂದಾಣಿಕೆಯ ರೋಬಾಟ್’ ಎನ್ನಬಹುದೇ? ‘ನ್ಯಾಚುರಲ್ ಇಂಟರಾಕ್ಷನ್’ಗೆ ‘ನೈಸರ್ಗಿಕ ಸಂವಹನ’ ಎಂಬುದೂ ಕಿವಿಗೆ ಒರಟು. ಬಲ್ಲವರು ತಿಳಿಸಬೇಕು.

ಉತ್ತರ: ಆಟದ ಮಾತಿನಲ್ಲಿ ‘ಹೊಂದಾಣಿಕೆ’ ಬೇಡವೇ ಬೇಡ. ‘ಹೊಂದಾಣಿಕೆ ಆಟ’ ಎಂದೊಡನೆ ಹೊಳೆಯುವುದು ಇಬ್ಬರೂ ಒಳಗೊಳಗೇ ಮಾತಾಡಿಕೊಂಡು ಆಡಿದ ಆಟ.

ಯಂತ್ರ ಮಾಡುವ ಕೆಲಸ ನೋಡಿ ಪದ ಆರಿಸಬೇಕು. 2012ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದವರು ತೋರಿಸಿದ ಕಲ್ಲು–ಕಾಗದ–ಕತ್ತರಿ ರೋಬಾಟ್ ನೂರಕ್ಕೆ ನೂರು ಗೆಲ್ಲುತ್ತದೆ. ಎದುರಾಳಿಯ ಬೆರಳು ಯಾವ ಆಕಾರಕ್ಕೆ ತಿರುಗುತ್ತಿದೆ ಎಂದು ಅತಿವೇಗದ ಕ್ಯಾಮೆರಾದಲ್ಲಿ ಕಂಡು, ಮಿಲಿಸೆಕೆಂಡುಗಳಲ್ಲಿ ಗೆಲ್ಲುವ ಆಕಾರ ಒಡ್ಡುತ್ತದೆ. ಆದರೆ ಎದುರಿಗಿರುವವರ ಬಗ್ಗೆ ಏನೂ ಕಲಿಯುವುದಿಲ್ಲ. ಇದಕ್ಕೆ ‘ಸ್ಪಂದಿಸು’ ಸಾಕು. 2024ರಲ್ಲಿ ಗೂಗಲ್ ಡೀಪ್‌ಮೈಂಡ್ ಪ್ರಕಟಿಸಿದ ಟೇಬಲ್ ಟೆನಿಸ್ ರೋಬಾಟ್ ಬೇರೆ ಜಾತಿ: ಈ ಎದುರಾಳಿಯ ಮೇಲೆ ತನ್ನ ಯಾವ ಹೊಡೆತ ಫಲಿಸುತ್ತಿದೆ ಎಂಬ ಲೆಕ್ಕವನ್ನು ಆಡುತ್ತಲೇ ತಿದ್ದಿಕೊಳ್ಳುತ್ತದೆ. 29 ಪಂದ್ಯಗಳಲ್ಲಿ 13 ಗೆದ್ದಿತು. ಹೊಸಬರ ಮೇಲೆ ಎಲ್ಲವನ್ನೂ ಗೆದ್ದು, ನುರಿತವರ ಮುಂದೆ ಒಂದನ್ನೂ ಗೆಲ್ಲಲಿಲ್ಲ. ‘ಒಗ್ಗಿಕೊಳ್ಳು’ ಇದಕ್ಕೆ ಒಪ್ಪುತ್ತದೆ.

ಇನ್ನೊಂದು, ಎದುರಾಳಿಯ ಶಕ್ತಿ ನೋಡಿ ಆಟದ ಬಿಗಿ ಏರಿಳಿಸುವುದು. ಇದಕ್ಕೆ ‘ಹದಗೊಳಿಸು’. ಅಡುಗೆಯ ಹದದ ಹಾಗೇ ಇದೂ ಬೇಗ ಕೆಡುತ್ತದೆ. ಪ್ರತಿ ಸೋಲು–ಗೆಲುವಿಗೂ ಬಿಗಿ ಬದಲಿಸಿದರೆ ಆಟ ತೊಟ್ಟಿಲಂತೆ ಓಲಾಡುತ್ತದೆ; ಕೊನೆಯ ಐದಾರು ಆಟಗಳ ಸರಾಸರಿ ಹಿಡಿದು, ಒಂದು ಸಲಕ್ಕೆ ಒಂದೇ ಮೆಟ್ಟಿಲು, ಅದೂ ಎರಡು ಆಟಗಳ ನಡುವೆ ಬದಲಿಸಬೇಕು. ಮೆದುವಾಗಿಸಲು ಕಣ್ಣಿಗೆ ರಾಚುವ ತಪ್ಪು ಮಾಡಿಸುವುದು ಕೆಟ್ಟ ದಾರಿ, ‘ಬೇಕೆಂದೇ ಸೋತಿತು’ ಎಂದು ಮಕ್ಕಳೂ ಕಂಡುಹಿಡಿಯುತ್ತಾರೆ. ಅತ್ಯುತ್ತಮ ನಡೆಯ ಬದಲು ಎರಡನೆಯದೋ ಮೂರನೆಯದೋ ನಡೆ ಆಡಿಸಿದರೆ ಅನುಮಾನ ಬರುವುದಿಲ್ಲ.

‘ನೈಸರ್ಗಿಕ’ ಕಾಡು, ಅನಿಲಗಳಿಗಿರಲಿ, ಇಲ್ಲಿ ‘ಸಹಜ’. ‘ಸಂವಹನ’ಕ್ಕೆ ಸುದ್ದಿ ಮುಟ್ಟಿಸುವ ವಾಸನೆಯಿದೆ. ‘ಒಡನಾಟ’ ಎನ್ನಿ, ಆಟ ಅದರೊಳಗೇ ಇದೆ. ಒಡನಾಟ ಅಸಹಜವಾಗುವುದು ಹೆಚ್ಚಾಗಿ ಸರದಿಯಲ್ಲಿ. ಜನರ ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಬಿಡುವು ಸರಾಸರಿ 200 ಮಿಲಿಸೆಕೆಂಡಿನ ಆಸುಪಾಸು. ಮಾತು ಮುಗಿಯಿತೆಂದು ತೀರ್ಮಾನಿಸಲು ಯಂತ್ರ ಅರ್ಧ ಸೆಕೆಂಡೋ ಅದಕ್ಕಿಂತ ಹೆಚ್ಚೋ ಕಾದರೆ, ಕೇಳಿಸಲಿಲ್ಲವೇನೋ ಎಂದು ಜನ ಮತ್ತೆ ಹೇಳುತ್ತಾರೆ, ಎರಡೂ ಮಾತು ಡಿಕ್ಕಿ. ಕಾಯುವುದನ್ನು ಕಡಿಮೆ ಮಾಡಿದರೆ ‘ಅಂದರೆ...’ ಎಂದು ಯೋಚಿಸುತ್ತಿರುವವರ ಬಾಯಿಗೇ ಅಡ್ಡ ಬರುತ್ತದೆ. ಆದ್ದರಿಂದ ಚದುರಂಗದಂಥ ಆಟದಲ್ಲಿ ಮೌನವೊಂದನ್ನೇ ನಂಬದೆ, ಕೈ ಕಾಯಿ ಬಿಟ್ಟಿತೇ, ಕಣ್ಣು ಹಲಗೆಯಿಂದ ಮೇಲೆದ್ದಿತೇ ಎಂದೂ ನೋಡಿಸಬೇಕು. ರೋಬಾಟಿನ ಕಣ್ಣೂ ಮೊದಲು ಕಾಯಿಯತ್ತ ಹೊರಳಿ, ಆಮೇಲೆ ತೋಳು ಚಾಚಬೇಕು. ಇಲ್ಲದಿದ್ದರೆ ಎದುರಿಗಿರುವವರು ಬೆಚ್ಚುತ್ತಾರೆ.

ಮರುಉತ್ತರ: ‘ಒಡನಾಟ’ಕ್ಕೆ ನನ್ನ ಓಟು. ‘ಒಗ್ಗು’ ಬಗ್ಗೆ ಒಂದು ತಕರಾರು. ‘ನನಗೆ ಒಗ್ಗುವ ಊಟ’ ಎಂದರೆ ನನ್ನ ಮೈಗೆ ಹಿಡಿಸುವ ಊಟ, ಊಟವೇನೂ ಬದಲಾಗುವುದಿಲ್ಲ. ‘ಒಗ್ಗುವ ರೋಬಾಟ್’ ಎಂದು ಬರೆದರೂ ಹಾಗೇ ಆದೀತು. ‘ಆಟಗಾರರಿಗೆ ಒಗ್ಗಿಕೊಳ್ಳುವ ರೋಬಾಟ್’ ಎಂದು, ಆ ‘ಕೊಳ್ಳು’ ಬಿಡದೆ, ಯಾರಿಗೆ ಎಂಬುದನ್ನೂ ಸೇರಿಸಿ ಬರೆಯಿರಿ.