ಜೀವಕೋಶದ ಮೇಲಿರುವುದು ಗ್ರಾಹಕರೋ, ಗ್ರಾಹಕಗಳೋ?

ಬಳಗದವರಿಗೆ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಹಾರ್ಮೋನುಗಳ ಬಗ್ಗೆ ಒಂದು ಕಿರುಹೊತ್ತಗೆ ಬರೆಯುತ್ತಿದ್ದೇನೆ. ಕರಡಚ್ಚು ತಿದ್ದುಪಡಿಯಾಗಿ ಬಂದಾಗ ಒಂದು ವಾಕ್ಯ ಹೀಗಿತ್ತು: "ಅಡ್ರಿನಲಿನ್ ಬಂದೊಡನೆ ಯಕೃತ್ತಿನ ಜೀವಕೋಶದ ಮೇಲಿರುವ ಗ್ರಾಹಕರು ಅದನ್ನು ಹಿಡಿದುಕೊಳ್ಳುತ್ತಾರೆ." ನಾನು ಬರೆದದ್ದು "ಗ್ರಾಹಕಗಳು ಹಿಡಿದುಕೊಳ್ಳುತ್ತವೆ" ಎಂದು. ಇಲ್ಲಿ ಗ್ರಾಹಕ ಎಂದರೆ ರಿಸೆಪ್ಟರ್, ಹಾರ್ಮೋನನ್ನು ಹಿಡಿಯುವ ಜೀವಕೋಶದ ಪ್ರೋಟೀನು. ಮುಂದಿನ ಪುಟದಲ್ಲಿ ರಕ್ತದೊತ್ತಡದ ಮಾತ್ರೆಯೊಂದು "ಗ್ರಾಹಕರನ್ನು ತಡೆಯುವ ಔಷಧ"ವಾಗಿತ್ತು. ಯಾವ ವರ್ತಕ ಅದನ್ನು ಮಾರಾಟಕ್ಕಿಡುತ್ತಾನೋ! ತಿದ್ದಿದವರನ್ನು ದೂರುವಂತಿಲ್ಲ. ಬ್ಯಾಂಕಿನ ಫಲಕದಿಂದ ವಿದ್ಯುತ್ ಬಿಲ್ಲಿನವರೆಗೆ ಗ್ರಾಹಕ ಎಂದರೆ ದುಡ್ಡು ಕೊಡುವ ಮನುಷ್ಯ. ಅವನಿಗೆ 'ಗಳು' ಹಚ್ಚಿದರೆ ಯಾರ ಪೆನ್ನಾದರೂ ತಡವರಿಸುತ್ತದೆ.

ಪದದ ಹುಟ್ಟಿನಲ್ಲಿ ತಪ್ಪೇನೂ ಇಲ್ಲ. ರಿಸೆಪ್ಟರ್ ಎಂಬ ಮಾತನ್ನು 1900ರ ಸುಮಾರಿಗೆ ಬಳಕೆಗೆ ತಂದವರು ಜರ್ಮನಿಯ ಪೌಲ್ ಎರ್ಲಿಚ್. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1905ರಲ್ಲಿ, ಕೇಂಬ್ರಿಜ್‌ನ ಲ್ಯಾಂಗ್ಲಿ ನಿಕೋಟಿನ್ ಮತ್ತು ಬಾಣದ ವಿಷವಾದ ಕುರಾರೆ ಸ್ನಾಯುವಿನ ಮೇಲೆ ಕೆಲಸ ಮಾಡುವ ಬಗೆಯನ್ನು ನೋಡಿ, ಸ್ನಾಯುವಿನಲ್ಲಿ 'ಗ್ರಹಿಸುವ ವಸ್ತು' ಒಂದಿರಬೇಕೆಂದರು. ಹಿಡಿಯುವುದು, ಗ್ರಹಿಸುವುದು ಎರಡೂ ನಮ್ಮ 'ಗ್ರಹ್' ಧಾತುವಿನಲ್ಲಿವೆ. ಹಾಗಾಗಿ ಧಾತುವನ್ನು ಉಳಿಸಿಕೊಂಡು ಗಿರಾಕಿಯನ್ನು ಮಾತ್ರ ಹೊರಗೆ ಕಳುಹಿಸಬೇಕಾಗಿದೆ.

ನನಗೆ ತೋಚಿದ್ದು 'ಗ್ರಾಹಿ'. ಗುಣಗ್ರಾಹಿ, ಸಾರಗ್ರಾಹಿ ನಮಗೆ ಹೊಸವಲ್ಲ. ಇದರ ನಿಜವಾದ ಲಾಭ ವ್ಯಾಕರಣದಲ್ಲಿದೆ. ಇಕಾರಾಂತವಾದ್ದರಿಂದ ಮನುಷ್ಯರಾದರೂ ವಸ್ತುವಾದರೂ ಬಹುವಚನ 'ಗ್ರಾಹಿಗಳು' ಎಂದೇ ಆಗುತ್ತದೆ. 'ರು' ಬಂದು ಕೂರಲು ಅಲ್ಲಿ ಜಾಗವೇ ಇಲ್ಲ. 'ಬಾಗಿಲ ಕಾವಲು' ಎಂಬಂಥ ಪದ ಕಟ್ಟಿದರೆ ಹೇಗೆಂದು ಒಬ್ಬ ಗೆಳೆಯರು ಕೇಳಿದರು. ಕೇಳಲು ಚೆನ್ನಾಗಿದೆ, ಆದರೆ ಈಸ್ಟ್ರೋಜನ್‌ನಂಥ ಸ್ಟೀರಾಯ್ಡ್ ಹಾರ್ಮೋನು ಕೋಶದ ಪೊರೆಯನ್ನು ದಾಟಿ ಒಳಗೇ ಹೋಗುತ್ತದೆ, ಅದನ್ನು ಹಿಡಿಯುವ ಗ್ರಾಹಿಯೂ ಮುಖ್ಯವಾಗಿ ಒಳಗೇ ಇರುತ್ತದೆ. ಬಾಗಿಲಲ್ಲಿ ಕಾಯುವವನಿಗೆ ಅಲ್ಲಿ ಕೆಲಸವಿಲ್ಲ.

ಹೆಚ್ಚು ತಲೆ ಕೆಡಿಸಿದ್ದು ಎರಡನೆಯ ಪದ, ಸೆಕೆಂಡ್ ಮೆಸೆಂಜರ್, ಅಂದರೆ ಹೊರಗೆ ಬಂದ ಹಾರ್ಮೋನಿನ ಸುದ್ದಿಯನ್ನು ಕೋಶದೊಳಗೆ ಹರಡುವ ಪುಟ್ಟ ಕಣ. ಬಳಕೆಯಲ್ಲಿ 'ದ್ವಿತೀಯ ಸಂದೇಶವಾಹಕ' ಕಾಣುತ್ತದೆ, ಕೆಲವೊಮ್ಮೆ 'ದ್ವಿತೀಯಕ' ಕೂಡ. 'ದ್ವಿತೀಯಕ ಸೋಂಕು' ಎಂಬಲ್ಲಿರುವಂತೆ ಅದರಲ್ಲಿ ಗೌಣ ಎಂಬ ಛಾಯೆ ಇದೆ. ಇಲ್ಲಿ ಗೌಣವಾದದ್ದು ಏನೂ ಇಲ್ಲ. ಸಂದೇಶವಾಹಕ ಎಂದೊಡನೆ, ಕೋವಿಡ್ ಲಸಿಕೆಯ ನಂತರ, ಓದುಗರಿಗೆ ಮೆಸೆಂಜರ್ ಆರ್‌ಎನ್‌ಎ ನೆನಪಾಗುವುದು ಇನ್ನೊಂದು ತೊಡಕು.

ಪದ ಬಂದದ್ದು ಯಾವ ಪ್ರಯೋಗದಿಂದ ಎಂದು ನೋಡಿದರೆ ಅರ್ಥ ತಿಳಿಯಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಅರ್ಲ್ ಸದರ್‌ಲ್ಯಾಂಡ್ ಮತ್ತು ಸಂಗಡಿಗರು ಯಕೃತ್ತನ್ನು ಅರೆದು, ಪೊರೆಯ ಚೂರುಗಳನ್ನು ತಿಳಿದ್ರವದಿಂದ ಬೇರ್ಪಡಿಸಿದರು. ತಿಳಿಗೆ ಅಡ್ರಿನಲಿನ್ ಹಾಕಿದರೆ ಯಕೃತ್ತಿನ ಸಕ್ಕರೆ ದಾಸ್ತಾನಾದ ಗ್ಲೈಕೋಜನ್ ಒಡೆಯುವ ಕಿಣ್ವ ಎಚ್ಚರಗೊಳ್ಳಲಿಲ್ಲ. ಪೊರೆಯ ಚೂರುಗಳಿಗೆ, ಕೋಶಕ್ಕೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯ ಜೊತೆ ಅಡ್ರಿನಲಿನ್ ಬೆರೆಸಿ, ಆಮೇಲೆ ಅದನ್ನು ಕುದಿಸಿಯೇ ಬಿಟ್ಟರು. ಪ್ರೋಟೀನುಗಳೆಲ್ಲ ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟಿದವು. ಅದರ ರಸವನ್ನು ತಿಳಿಗೆ ಹಾಕಿದರೆ ಕಿಣ್ವ ಎಚ್ಚರಗೊಂಡಿತು! ಕುದಿಗೂ ಜಗ್ಗದ ಆ ಪುಟ್ಟ ಅಣುವೇ ಸೈಕ್ಲಿಕ್ ಎಎಂಪಿ, ಅದೇ ಸೆಕೆಂಡ್ ಮೆಸೆಂಜರ್. ಸದರ್‌ಲ್ಯಾಂಡ್‌ಗೆ 1971ರ ನೊಬೆಲ್ ಬಂತು.

ಅಂದರೆ ಅಡ್ರಿನಲಿನ್ ಹೊಸ್ತಿಲು ದಾಟುವುದೇ ಇಲ್ಲ. ಅದು ಅಂಟಿಕೊಂಡೊಡನೆ ಗ್ರಾಹಿ ತನ್ನ ಆಕಾರ ಬದಲಿಸುತ್ತದೆ, ಪೊರೆಯ ಒಳಬದಿಯಲ್ಲಿರುವ ಜಿ ಪ್ರೋಟೀನು ಚುರುಕಾಗಿ ಪಕ್ಕದ ಕಿಣ್ವವನ್ನು ತಟ್ಟುತ್ತದೆ, ಆ ಕಿಣ್ವ ಎಟಿಪಿಯಿಂದ ಸೈಕ್ಲಿಕ್ ಎಎಂಪಿಯನ್ನು ಒಂದರ ಹಿಂದೊಂದರಂತೆ ತಯಾರಿಸುತ್ತದೆ. ಮೊದಲ ದೂತ ಓಲೆಯನ್ನು ಎರಡನೆಯ ದೂತನ ಕೈಗೆ ಕೊಟ್ಟ ಎಂಬ ಚಿತ್ರ ಹಾಗಾಗಿ ಸರಿಹೊಂದದು. ಹೊರಗೆ ಒಬ್ಬ ಬಂದು ನಿಂತದ್ದಕ್ಕೆ ಒಳಗೆ ಊರೆಲ್ಲ ಡಂಗುರ ಸಾರಿದ ಹಾಗೆ. 'ಎರಡನೆಯ' ಎಂಬ ಎಣಿಕೆಗಿಂತ 'ಒಳಗಿನ' ಎಂಬ ಜಾಗವೇ ಇಲ್ಲಿ ಮುಖ್ಯ ಎಂದು ನನ್ನ ವಾದ. ಆದ್ದರಿಂದ 'ಒಳದೂತ' ಎಂದು ಬರೆದು ನೋಡಿದೆ. ಇದೇ ಕೆಲಸ ಮಾಡುವ ಕ್ಯಾಲ್ಸಿಯಂ ಅಯಾನಿಗೂ ಅದು ಹೊಂದುತ್ತದೆ. ಎಲ್ಲಿಂದ ಬಂದರೂ ಅದು ದೂತನಾಗುವುದು ಕೋಶದ ಒಳಗೆ.

ಆದರೆ ಬಹುವಚನದ ಕಾಟ ಮತ್ತೆ ಶುರುವಾಯಿತು. 'ಒಳದೂತರು' ಎಂದರೆ ಗೂಢಚಾರರಂತಿದೆ, 'ಒಳದೂತಗಳು' ಕಿವಿಗೆ ಒರಟು. ಕನ್ನಡದ ಕಿವಿಗೆ ದೂತರೆಂದರೆ ಮೊದಲು ಯಮದೂತರು. (ಕಾಲರಾ ಅಧ್ಯಾಯದಲ್ಲಿ ಅದೂ ಒಪ್ಪುತ್ತದೆ ಎನ್ನಿ: ಕಾಲರಾ ರೋಗಾಣುವಿನ ವಿಷ ಜಿ ಪ್ರೋಟೀನನ್ನು ಆರದಂತೆ ಹೊತ್ತಿಸಿಡುತ್ತದೆ, ಕರುಳಿನ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಏರುತ್ತದೆ, ಉಪ್ಪು ನೀರು ಹೊರಗೆ ಹರಿಯುತ್ತದೆ.) ಗ್ರಾಹಿಯ ಜಾಡಿನಲ್ಲೇ ನಡೆದು 'ಒಳವಾಹಿ' ಎಂದರೆ ವ್ಯಾಕರಣ ನೆಟ್ಟಗಾಗುತ್ತದೆ, ಆದರೆ ಅದು ಚರಂಡಿಯ ಕೊಳವೆಯ ಹೆಸರಿನಂತೆ ಕೇಳಿಸುತ್ತದೆ.

ಹೊರಗಿನ ಸಂಕೇತ ಒಳಗಿನ ಸಂಕೇತವಾಗಿ ಮಾರ್ಪಡುವ ಟ್ರಾನ್ಸ್‌ಡಕ್ಷನ್‌ಗೆ 'ವರ್ಗಾವಣೆ' ಬೇಡವೆಂದು ಆಗಲೇ ತೀರ್ಮಾನಿಸಿದ್ದೇನೆ, ಅದು ನೌಕರರಿಗೇ ಇರಲಿ. 'ಸಂಕೇತ ಪರಿವರ್ತನೆ' ಸಾಕು.

ಈಗ ಪ್ರಶ್ನೆ. ತರಗತಿಯಲ್ಲಿ ಕನ್ನಡದಲ್ಲೇ ಜೀವಶಾಸ್ತ್ರ ಹೇಳುವವರು ಬಾಯಲ್ಲಿ ಏನನ್ನುತ್ತೀರಿ? 'ಗ್ರಾಹಿ' ಎಂದರೆ ಮಕ್ಕಳು ತಡವರಿಸುತ್ತಾರೆಯೇ, ಅಥವಾ 'ರಿಸೆಪ್ಟರ್' ಎಂದೇ ಬಿಡುವುದು ಮೇಲೇ? ಒಳದೂತನಿಗೆ 'ಗಳು' ಸಹಿಸುವ ಬೇರೆ ಹೆಸರು ಯಾರ ಬಳಿಯಾದರೂ ಇದೆಯೇ? ಕರಡಚ್ಚು ಮುಂದಿನ ವಾರ ಹಿಂದಿರುಗಬೇಕು. ಅಲ್ಲಿಯವರೆಗೆ 'ಗ್ರಾಹಕರು' ಎಂದಿದ್ದಲ್ಲೆಲ್ಲ ಪೆನ್ಸಿಲಿನಲ್ಲಿ ಸುತ್ತು ಹಾಕಿಟ್ಟಿದ್ದೇನೆ, ಒಟ್ಟು ಮೂವತ್ತೊಂದು.