ಕ್ವಾರ್ಕ್‌ಗಳು ಪ್ರೋಟಾನ್ ಆದದ್ದು: ನೀರು ಕುದಿದ ಹಾಗೆಯೋ, ಬೆಣ್ಣೆ ಕರಗಿದ ಹಾಗೆಯೋ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ದಾವಣಗೆರೆ): ನಮಸ್ಕಾರ ಸರ್. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: ವಿಶ್ವದ ಆರಂಭದಲ್ಲಿ ಕಣವೂ ಅದರ ವಿರುದ್ಧ ಆವೇಶದ ಜೋಡಿಯಾದ ಪ್ರತಿಕಣವೂ ಸಮಸಮವಾಗಿ ಹುಟ್ಟಿದ್ದರೆ ಒಂದನ್ನೊಂದು ಅಳಿಸಿಹಾಕಬೇಕಿತ್ತಲ್ಲ, ನಾವು ಹೇಗೆ ಉಳಿದೆವು? ಮೂಲಕಣಗಳಾದ ಕ್ವಾರ್ಕ್‌ಗಳು ಸೇರಿ ಪ್ರೋಟಾನ್ ಆಗುವಾಗ ಈ ಹೆಚ್ಚುಕಡಿಮೆ ಆಯಿತು ಎಂದು ಹೇಳಬಹುದೇ?

ಉತ್ತರ (ಭೌತಶಾಸ್ತ್ರ ಪ್ರಾಧ್ಯಾಪಕ, ಊರು ಚಿತ್ರದುರ್ಗ): ಆ ಹುಡುಗಿಗೆ ಶಹಬ್ಬಾಸ್ ಹೇಳಿ ಮೇಡಂ. ಆದರೆ ಹಾಗೆ ಉತ್ತರಿಸಬೇಡಿ. ಹೆಚ್ಚುಕಡಿಮೆ ಅದಕ್ಕೂ ಮೊದಲೇ ಆಗಿಹೋಗಿತ್ತು ಎಂದೇ ಹೆಚ್ಚಿನವರ ಎಣಿಕೆ. ಪ್ರತಿಕ್ವಾರ್ಕ್ ನೂರು ಕೋಟಿಯಿದ್ದರೆ ಕ್ವಾರ್ಕ್ ನೂರು ಕೋಟಿಯ ಮೇಲೆ ಬೆರಳೆಣಿಕೆಯಷ್ಟು. ಉಳಿದವೆಲ್ಲ ಜೋಡಿಜೋಡಿಯಾಗಿ ಅಳಿದವು. ಮಿಕ್ಕ ಆ ಬೆರಳೆಣಿಕೆಯಿಂದಲೇ ನಮ್ಮ ಕೋಟೆಯ ಬಂಡೆಗಳೂ ಆಗಿವೆ, ನಾವೂ ಆಗಿದ್ದೇವೆ. ಆ ಹೆಚ್ಚಳ ಬಂದದ್ದು ಹೇಗೆ ಎಂಬ ಒಗಟು ಇನ್ನೂ ಬಿಡಿಸಿಲ್ಲ. ಅದಕ್ಕೆ ಬೇಕಾದ ಮೂರು ಷರತ್ತುಗಳನ್ನು ಮಾತ್ರ ಸೋವಿಯತ್ ಭೌತವಿಜ್ಞಾನಿ ಆಂದ್ರೇ ಸಖರೋವ್ 1967ರಲ್ಲೇ ಹೇಳಿದ್ದರು.

ಪ್ರೋಟಾನ್ ಆದದ್ದು ಮಹಾಸ್ಫೋಟದಿಂದ ಸೆಕೆಂಡಿನ ಸುಮಾರು ಲಕ್ಷದಲ್ಲೊಂದು ಪಾಲು ಕಳೆದಾಗ, ಉಷ್ಣತೆ ಹೆಚ್ಚುಕಡಿಮೆ 2 ಲಕ್ಷ ಕೋಟಿ ಡಿಗ್ರಿಗೆ ಇಳಿದಾಗ. ನಿಮ್ಮೂರಿನ ಬೆಣ್ಣೆ ದೋಸೆಯನ್ನು ನೆನೆಸಿಕೊಳ್ಳಿ. ಬಿಸಿ ದೋಸೆಯ ಮೇಲಿಟ್ಟ ಬೆಣ್ಣೆಮುದ್ದೆಯ ಅಂಚು ಮೊದಲು ಮಿರುಗುತ್ತದೆ, ಆಮೇಲೆ ಮೆತ್ತಗಾಗಿ ಕುಸಿಯುತ್ತದೆ, ಕೊನೆಗೆ ಹರಿಯುತ್ತದೆ. ಇಂಥ ಕ್ಷಣಕ್ಕೆ ಕರಗಿತು ಎಂದು ಗೆರೆ ಎಳೆಯಲಾಗದು. ನೀರು ಹಾಗಲ್ಲ, 100 ಡಿಗ್ರಿ ಮುಟ್ಟಿದೊಡನೆ ಗುಳ್ಳೆಯೆಬ್ಬಿಸಿ ಕುದಿಯುತ್ತದೆ. ಕ್ವಾರ್ಕ್‌ಗಳನ್ನು ಬಿಗಿದು ಹಿಡಿಯುವ ಪ್ರಬಲ ಬಲದ ಈ ಬದಲಾವಣೆ ಬೆಣ್ಣೆಯ ಜಾತಿಯದು, ಆದರೆ ತಣಿಯುವ ದಿಕ್ಕಿನಲ್ಲಿ. 2006ರಲ್ಲಿ ಪ್ರಕಟವಾದ ಕಂಪ್ಯೂಟರ್ ಲೆಕ್ಕಾಚಾರ ಇದನ್ನು ತೋರಿಸಿತು.

ಮರುಪ್ರಶ್ನೆ (ಬಿ.ಎಸ್ಸಿ. ವಿದ್ಯಾರ್ಥಿ, ಚಿತ್ರದುರ್ಗ): ಹಾಗಾದರೆ ಈ ವಿಷಯ ಇತ್ಯರ್ಥವಾದಂತೆಯೇ ಸರ್?

ಉತ್ತರ: ಇಲ್ಲಪ್ಪ, ನನ್ನ ಮನಸ್ಸನ್ನು ಹಿಡಿದಿರುವುದೇ ಇದು. ಕಣಗಳ ಹೆಚ್ಚಳ ಅತ್ಯಲ್ಪ ಎಂದು ಇಟ್ಟುಕೊಂಡರೆ ಮಾತ್ರ ಆ ಲೆಕ್ಕ ಸರಿ. ಕ್ವಾರ್ಕ್‌ಗಳ ಮಟ್ಟಿಗೆ ಅದು ಖಚಿತ. ಎಲೆಕ್ಟ್ರಾನ್, ನ್ಯೂಟ್ರಿನೊ ಸೇರಿದ ಕಣಗಳ ಬಳಗವಾದ ಲೆಪ್ಟಾನ್‌ಗಳಲ್ಲಿ ಎಲೆಕ್ಟ್ರಾನ್‌ನ ಲೆಕ್ಕ ಪ್ರೋಟಾನ್‌ಗೆ ಸರಿಹೊಂದಲೇಬೇಕು, ಏಕೆಂದರೆ ಒಟ್ಟು ವಿದ್ಯುದಾವೇಶ ಸೊನ್ನೆ. ನ್ಯೂಟ್ರಿನೊಗಳಿಗೆ ಆವೇಶವೇ ಇಲ್ಲ. ಅಲ್ಲಿ ದೊಡ್ಡ ಅಸಮತೋಲನ ಅಡಗಿದ್ದರೆ ಮಹಾಸ್ಫೋಟದ ಬೆನ್ನಿಗೇ ಆದ ಹೀಲಿಯಂ ಪ್ರಮಾಣದಂಥ ಪರೋಕ್ಷ ಸುಳಿವುಗಳಿಂದಲೇ ಹಿಡಿಯಬೇಕು. ಅದು ಸಾಕಷ್ಟು ದೊಡ್ಡದಿದ್ದರೆ ಕ್ವಾರ್ಕ್‌ಗಳ ಸಮತೋಲನವನ್ನೂ ಎಳೆದಾಡಿ, ಬೆಣ್ಣೆಯ ಬದಲು ಕುದಿಯುವ ನೀರಿನ ದಾರಿ ಹಿಡಿಸಬಹುದು. ಆಗ ಹೊಸ ಸ್ಥಿತಿಯ ಗುಳ್ಳೆಗಳು ಡಿಕ್ಕಿ ಹೊಡೆದು, ದೇಶಕಾಲವನ್ನೇ ಅಲುಗಿಸುವ ಗುರುತ್ವ ಅಲೆಗಳು ಏಳುತ್ತವೆ. ಒಂದು ಏರಿಳಿತಕ್ಕೆ ವರ್ಷಗಳೇ ಹಿಡಿಯುವ ಅಂಥ ನಿಧಾನದ ಅಲೆಗಳ ಸುಳಿವು 2023ರ ಜೂನ್‌ನಲ್ಲಿ ಗಡಿಯಾರದಂತೆ ತಪ್ಪದೆ ರೇಡಿಯೊ ಮಿಡಿತ ಕಳಿಸುವ ಸತ್ತ ತಾರೆಗಳಾದ ಪಲ್ಸಾರ್‌ಗಳ ಮಿಡಿತದಲ್ಲಿ ಸಿಕ್ಕಿತು. ಪುಣೆ ಬಳಿಯ ರೇಡಿಯೊ ದೂರದರ್ಶಕದ ಮಾಹಿತಿಯೂ ಅದರಲ್ಲಿ ಸೇರಿತ್ತು. ಅವು ಬಹುಮಟ್ಟಿಗೆ ದೈತ್ಯ ಕಪ್ಪುಕುಳಿಗಳ ಜೋಡಿಗಳಿಂದ ಬಂದವು ಎಂದೇ ನನಗನ್ನಿಸುತ್ತದೆ. ಆದರೂ ಈ ಇನ್ನೊಂದು ಬಾಗಿಲನ್ನು ಈಗಲೇ ಮುಚ್ಚಲು ನಾನು ಒಪ್ಪುವುದಿಲ್ಲ.